ಡೆಂಗ್ಯೂ: ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ

ಮನೆಯಲ್ಲಿ ಡೆಂಗ್ಯೂ ಎಂದರೆ ಸಾಕು, “ಪ್ಲೇಟ್‌ಲೆಟ್ ಎಷ್ಟಿದೆ?” ಎಂದು ನೆಂಟರ ಫೋನು ಶುರು. ರಾಜ್ಯ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ 2024ರಲ್ಲಂತೂ ಬೈಯಪ್ಪನಹಳ್ಳಿಯಿಂದ ಶಿವಾಜಿನಗರದವರೆಗೆ ಇದೇ ಮಾತು. ಆದರೆ ಸಹೋದರಿಯರೇ, ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು.

ರೋಗ ಉಲ್ಬಣಿಸಿದಾಗ ರಕ್ತದ ನೀರಿನಂಶ ನಾಳಗಳಿಂದ ಸೋರುತ್ತದೆ. ಒಲೆಯ ಮೇಲೆ ಬತ್ತಿದ ಸಾರಿನಂತೆ ರಕ್ತ ಗಟ್ಟಿಯಾಗಿ ಪಿಸಿವಿ ಏರುತ್ತದೆ. 35 ಇದ್ದದ್ದು 42 ಆದರೆ ಶೇಕಡಾ 20ರ ಏರಿಕೆ. ಸೋರಿಕೆ ಜೋರಾಗಿದೆ ಎಂದೇ ತಿಳಿಯಿರಿ. ಏರಿದ್ದು ತಟ್ಟನೆ ಇಳಿದು ರೋಗಿ ಇನ್ನಷ್ಟು ಬಳಲಿದರೆ ಒಳಗೆ ರಕ್ತಸ್ರಾವದ ಶಂಕೆ. ಡ್ರಿಪ್ ಎಷ್ಟು ಕೊಡಬೇಕೆಂದು ನಿರ್ಧರಿಸಲು ವೈದ್ಯರು ಕೆಲವು ಗಂಟೆಗಳಿಗೊಮ್ಮೆ ರಕ್ತ ತೆಗೆಸುವುದು ಇದಕ್ಕೇ. “ಮಗುವಿಗೆ ಎಷ್ಟು ಸಲ ಚುಚ್ಚುತ್ತಾರೆ” ಎಂದು ಗೊಣಗಬೇಡಿ. ರಕ್ತಸ್ರಾವವಿಲ್ಲದಿದ್ದರೆ ಪ್ಲೇಟ್‌ಲೆಟ್ 50 ಸಾವಿರಕ್ಕೆ ಇಳಿದ ಮಾತ್ರಕ್ಕೆ ಹೊರಗಿನಿಂದ ಕೊಡಬೇಕಿಲ್ಲ.

ನಾವು ಎಡವುವುದು ಜ್ವರ ಬಿಟ್ಟಾಗ. ಗುಣವಾಯಿತೆಂದು ನಿಟ್ಟುಸಿರು ಬಿಡುತ್ತೇವೆ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆಗಳೇ ಅಪಾಯದ ಕಾಲ. ಬಿಡದ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ಪಪ್ಪಾಯಿ ಎಲೆ ಅರೆಯುತ್ತ ಕೂರದೆ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ ಬೌರಿಂಗ್‌ಗೋ ಹೊರಡಿ. ಹಳೆಯ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಒಯ್ಯಿರಿ. ಮೊದಲ ದಿನದ್ದು ತಪ್ಪದೆ ಇರಲಿ, ಏರಿಳಿತ ಅಳೆಯುವುದು ಅದರಿಂದಲೇ.