ಕಿವಿಯೊಳಗಿನ ‘ಸ್ಸ್’ ಸದ್ದು ಮತ್ತು ತರಂಗಗಳ ಹರಾಜು

ಸ್ಟೇಜ್ ಮೇಲೆ ಹಾಡುವವರ ಕಿವಿಯಲ್ಲಿ ಪುಟ್ಟ ಇಯರ್‌ಫೋನ್, ಸೊಂಟದಲ್ಲೊಂದು ಪ್ಯಾಕ್ ನೋಡಿರ್ತೀರಿ. ಅದೇ ವೈರ್‌ಲೆಸ್ ಇನ್-ಇಯರ್ ಮಾನಿಟರ್. ತಮ್ಮ ದನಿ, ತಾಳ ತಮಗೇ ಸರಿಯಾಗಿ ಕೇಳಲಿ ಅಂತ ಹಾಕಿಕೊಳ್ಳೋದು. ಹಾಡು ನಿಂತ ಕೂಡಲೇ ಅದರಲ್ಲಿ ‘ಸ್ಸ್’ ಅನ್ನೋ ಸದ್ದು ಕೇಳಿಸುತ್ತೆ. ‘ದುಬಾರಿ ಇಯರ್‌ಫೋನ್ ತಗೊಂಡ್ರೆ ಹೋಗುತ್ತಾ?’ ಅಂತ ಬ್ಯಾಂಡ್‌ನ ಗೆಳೆಯರು ನನ್ನನ್ನು ಕೇಳ್ತಾರೆ. ಎಷ್ಟೋ ಸಲ ಅದರಿಂದ ಸದ್ದು ಜಾಸ್ತಿಯೇ ಆಗುತ್ತೆ.

ಕಾರಣ ಸರಳ. ಈ ಸಿಸ್ಟಮ್‌ಗಳಲ್ಲಿ ಹಲವು ಇನ್ನೂ ಅನಲಾಗ್ ಎಫ್‌ಎಂ. ಪ್ರತಿ ರಿಸೀವರ್‌ಗೂ ತನ್ನದೇ ಸಣ್ಣ ಗದ್ದಲ ಇದ್ದೇ ಇರುತ್ತೆ. ಅದಕ್ಕಿಂತ ಹಾಡಿನ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದೇ ಮುಖ್ಯ. ಮಿಕ್ಸರ್‌ನಿಂದ ಸಣ್ಣ ಸಿಗ್ನಲ್ ಕಳಿಸಿ ಪ್ಯಾಕ್‌ನ ವಾಲ್ಯೂಮ್ ಪೂರ್ತಿ ಏರಿಸಿದರೆ, ಹಾಡಿನ ಜೊತೆ ಗದ್ದಲವೂ ಏರುತ್ತೆ. ಇದನ್ನು ಉಲ್ಟಾ ಮಾಡಿ: ಟ್ರಾನ್ಸ್‌ಮಿಟರ್ ಮೀಟರ್ ಕೆಂಪು ಮುಟ್ಟದಷ್ಟು ಮೇಲಿರಲಿ, ಪ್ಯಾಕ್ ವಾಲ್ಯೂಮ್ ಕೆಳಗಿರಲಿ.

ಎರಡನೆಯದು ಇಯರ್‌ಫೋನ್. ತುಂಬಾ ಸೂಕ್ಷ್ಮವಾದದ್ದು ಸಣ್ಣ ಗದ್ದಲವನ್ನೂ ಎತ್ತಿ ತೋರಿಸುತ್ತೆ. ನಡುವೆ ಒಂದು ಅಟೆನ್ಯುಯೇಟರ್ ಹಾಕಿದರೆ ತಗ್ಗುತ್ತೆ. ಮೂರನೆಯದು, ಸ್ಟೀರಿಯೋ ಬೇಡವಾದರೆ ಮೋನೋ ಬಳಸಿ. ಎಫ್‌ಎಂನಲ್ಲಿ ಎಡ-ಬಲದ ವ್ಯತ್ಯಾಸದ ಸಿಗ್ನಲ್ ಹೋಗೋದು ಗದ್ದಲ ಹೆಚ್ಚಿರುವ ಮೇಲಿನ ಭಾಗದಲ್ಲಿ. ನಾಲ್ಕನೆಯದು, ಆಂಟೆನಾ ಕಲಾವಿದರಿಗೆ ನೇರ ಕಾಣುವಂತಿರಲಿ. ಮನುಷ್ಯರ ಮೈ ಸಿಗ್ನಲ್ ನುಂಗುತ್ತೆ.

ಇದೆಲ್ಲ ಬರೀ ನಾಜೂಕಿನ ವಿಷಯ ಅಲ್ಲ. ಸದ್ದನ್ನು ಮುಚ್ಚೋಕೆ ವಾಲ್ಯೂಮ್ ಏರಿಸುವವರು ತಮ್ಮ ಕಿವಿಯನ್ನೇ ಅಡವಿಡ್ತಾರೆ. ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದರೆ ಅವಧಿ ಅರ್ಧ. 100ಕ್ಕೆ ಉಳಿಯೋದು 15 ನಿಮಿಷ. ಹೋದ ಶ್ರವಣಶಕ್ತಿ ಮತ್ತೆ ಬರಲ್ಲ. ಸಂಗೀತದಲ್ಲೇ ಹೊಟ್ಟೆ ಹೊರೆಯುವವರಿಗೆ ಅದು ದುಡಿಮೆಯ ಬಂಡವಾಳ.

ಇನ್ನು ರಾಜಕೀಯ. ಈ ಸಾಧನಗಳಲ್ಲಿ ಬಹುಪಾಲು ಓಡಾಡೋದು ಟಿವಿ ಚಾನೆಲ್‌ಗಳ ಯುಎಚ್‌ಎಫ್ ತರಂಗಗಳ ನಡುವಿನ ಖಾಲಿ ಜಾಗದಲ್ಲಿ. ಅಮೆರಿಕದಲ್ಲಿ 600 ಮೆಗಾಹರ್ಟ್ಸ್ ಬ್ಯಾಂಡ್‌ನ ಹರಾಜು 2017ರಲ್ಲಿ ಮುಗಿಯಿತು. 2020ರ ಜುಲೈ ಹೊತ್ತಿಗೆ ಆ ಬ್ಯಾಂಡ್‌ನ ಬಹುಭಾಗದಿಂದ ವೈರ್‌ಲೆಸ್ ಮೈಕ್, ಮಾನಿಟರ್‌ಗಳು ಜಾಗ ಖಾಲಿ ಮಾಡಬೇಕಾಯಿತು. ಭಾರತದಲ್ಲಿ 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಜಿಯೋ ಪಾಲಾಯಿತು. 600ಕ್ಕೆ ಆಗ ಯಾರೂ ಬಿಡ್ ಮಾಡಲಿಲ್ಲ.

ಮೊಬೈಲ್ ಇಂಟರ್ನೆಟ್ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಜಾಗ ಕಿರಿದಾದಷ್ಟೂ ಒಂದೇ ಸಂತೆಯಲ್ಲಿ ಹೆಚ್ಚು ಜನ ಕೂಗಾಡ್ತಾರೆ, ಗದ್ದಲದ ಮಟ್ಟ ಏರುತ್ತೆ. ಹೊಸ ಡಿಜಿಟಲ್ ಸಿಸ್ಟಮ್ ಕೊಳ್ಳಬಲ್ಲ ದೊಡ್ಡ ತಾರೆಯರು ಬಚಾವ್. ಊರ ಹಬ್ಬದ ಆರ್ಕೆಸ್ಟ್ರಾದವರು? ತರಂಗ ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದನ್ನು ಹಂಚುವಾಗ ಹರಾಜು ಕೂಗಲಾಗದವರಿಗೂ ಒಂದು ಮೂಲೆ ಉಳಿಸಬೇಕು.