ಹಳೆಯ ವಿದ್ಯುನ್ಮಂಡಲದಲ್ಲಿ ಹೊಸ ಟ್ರಾನ್ಸಿಸ್ಟರು

ಮೂವತ್ತು ನಲವತ್ತು ವರ್ಷಗಳ ಹಿಂದೆ ನಿರ್ಮಿತವಾದ ಪವರ್ ಸಪ್ಲೈಯನ್ನಾಗಲಿ, ಸಭಾಂಗಣದ ಆಂಪ್ಲಿಫೈಯರನ್ನಾಗಲಿ, ಬ್ಯಾಟರಿಯ ಬಲದಿಂದ ಮನೆಯ ದೀಪಗಳನ್ನು ಬೆಳಗಿಸುತ್ತಿದ್ದ ಇನ್ವರ್ಟರನ್ನಾಗಲಿ ಬಿಚ್ಚಿ ನೋಡಿದರೆ, ರೆಕ್ಕೆಗಳುಳ್ಳ ಹೀಟ್ ಸಿಂಕಿನ ಮೇಲೆ ಎರಡು ಸ್ಕ್ರೂಗಳಿಂದ ಬಿಗಿದ, ಲೋಹಕವಚದ ದಪ್ಪ ಟ್ರಾನ್ಸಿಸ್ಟರೊಂದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು; ಅದರ ಬೆನ್ನಿನ ಮೇಲೆ ಬಹುಮಟ್ಟಿಗೆ 2ಎನ್3055 ಎಂಬ ಗುರುತೂ ಇರುವುದು. ಅದು ಸುಟ್ಟುಹೋದಾಗ, ಅಥವಾ ಅದರ ಬಿಸಿಯನ್ನೂ ಅದು ಬೇಡುವ ಪ್ರವಾಹವನ್ನೂ ಸಹಿಸಲಾರದೆ ನಾವು ಬೇಸತ್ತಾಗ, ಅದರ ಸ್ಥಾನದಲ್ಲಿ ಮಾಸ್‌ಫೆಟ್ ಎಂಬ ಈ ಕಾಲದ ಟ್ರಾನ್ಸಿಸ್ಟರೊಂದನ್ನು ಕೂಡಿಸಿದರೆ ಆಗದೆ ಎಂಬ ಆಲೋಚನೆ ರಿಪೇರಿ ಮಾಡುವವರಿಗೂ ಹವ್ಯಾಸಿಗಳಿಗೂ ಸಹಜವಾಗಿಯೇ ಬರುತ್ತದೆ. ಹೊಸದು ಅಗ್ಗ, ಚಿಕ್ಕದು, ಹೆಚ್ಚಿನ ಪ್ರವಾಹವನ್ನು ತಾಳತಕ್ಕದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಯಲ್ಲಿ ಕೇಳಿದೊಡನೆ ಕೈಗೆ ಸಿಗುವಂಥದು. ಆದರೂ ಈ ಬದಲಾವಣೆ ಕೆಲವು ಕಡೆ ಅದ್ಭುತ ಫಲವನ್ನು ಕೊಟ್ಟು, ಮತ್ತೆ ಕೆಲವು ಕಡೆ ಮರುಕ್ಷಣವೇ ಹೊಗೆಯೆಬ್ಬಿಸುವುದೇಕೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಈ ಎರಡು ಜಾತಿಯ ಸಾಧನಗಳೂ ಒಂದೇ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕಣ್ತೆರೆದವು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1947ರ ಡಿಸೆಂಬರಿನಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಮೊದಲ ಟ್ರಾನ್ಸಿಸ್ಟರನ್ನು ಸಾಧಿಸಿದರು. ಅವರೊಡನೆ ಕಾರ್ಯನಿರತರಾಗಿದ್ದ ಶಾಕ್ಲಿ ಅದರ ಮರುವರ್ಷವೇ ಸಂಧಿ ಟ್ರಾನ್ಸಿಸ್ಟರಿನ ಸಿದ್ಧಾಂತವನ್ನು ರೂಪಿಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಾವು ಇಂದು ಬೈಪೋಲಾರ್ ಎಂದು ಕರೆಯುವ ವಂಶವೆಲ್ಲ ಆ ಸಂಧಿ ಟ್ರಾನ್ಸಿಸ್ಟರಿನಿಂದ ಇಳಿದುಬಂದುದು. ವಿದ್ಯುತ್‌ಕ್ಷೇತ್ರದಿಂದಲೇ ಪ್ರವಾಹವನ್ನು ಆಳಬೇಕೆಂಬ ಕಲ್ಪನೆಯಾದರೋ ಅದಕ್ಕಿಂತ ಪ್ರಾಚೀನವಾದುದು. ಲಿಲಿಯೆನ್‌ಫೆಲ್ಡ್ ಎಂಬ ವಿಜ್ಞಾನಿ 1925ರಷ್ಟು ಹಿಂದೆಯೇ ಅದಕ್ಕಾಗಿ ಪೇಟೆಂಟ್ ಅರ್ಜಿಯನ್ನು ಸಲ್ಲಿಸಿದ್ದರು. ಆದರೆ ಸಿಲಿಕಾನಿನ ಮೇಲ್ಮೈಯನ್ನು ಅದರದೇ ಆಕ್ಸೈಡಿನ ತೆಳುಪದರದಿಂದ ಹದಗೊಳಿಸುವ ವಿದ್ಯೆ ಕೈವಶವಾಗುವವರೆಗೆ ಆ ಕಲ್ಪನೆ ಕಾಗದದ ಮೇಲೆಯೇ ಉಳಿಯಿತು. 1959ರಲ್ಲಿ ಅದೇ ಬೆಲ್ ಪ್ರಯೋಗಶಾಲೆಯಲ್ಲಿ ಅಟಾಲಾ ಮತ್ತು ಕಾಂಗ್ ಎಂಬಿಬ್ಬರು ಮಾಸ್‌ಫೆಟ್ಟನ್ನು ಮಾಡಿ ತೋರಿಸಿದರು. ಅದು ಬಲಿತು ಹತ್ತಾರು ಆಂಪಿಯರುಗಳನ್ನು ಹೊರಬಲ್ಲ ಶಕ್ತಿಸಾಧನವಾಗಲು ಮತ್ತೆ ಎರಡು ದಶಕಗಳು ಹಿಡಿದವು. ಆ ನಡುವಿನ ಕಾಲದಲ್ಲಿ ಹುಟ್ಟಿದ ಯಂತ್ರಗಳ ಭಾರವನ್ನೆಲ್ಲ ಹೊತ್ತುದು 2ಎನ್3055 ಮತ್ತು ಅದರ ಬಂಧುವರ್ಗ. ಆದುದರಿಂದ ಅಂದಿನ ವಿನ್ಯಾಸಕಾರನು ಎಳೆದ ಪ್ರತಿಯೊಂದು ಗೆರೆಯಲ್ಲಿಯೂ ಬೈಪೋಲಾರಿನ ಗುಣದೋಷಗಳು ಗೃಹೀತವಾಗಿವೆ.

ಆ ಗುಣದೋಷಗಳ ಮೂಲ ಇಷ್ಟೇ. ಬೈಪೋಲಾರ್ ಟ್ರಾನ್ಸಿಸ್ಟರಿನಲ್ಲಿ ಕಲೆಕ್ಟರಿನಿಂದ ಎಮಿಟರಿಗೆ ದೊಡ್ಡ ಪ್ರವಾಹ ಹರಿಯಬೇಕಾದರೆ, ಅದು ಹರಿಯುವಷ್ಟು ಹೊತ್ತೂ ಬೇಸಿಗೆ ಸಣ್ಣ ಪ್ರವಾಹವೊಂದನ್ನು ಉಣಿಸುತ್ತಲೇ ಇರಬೇಕು. ಮಾಸ್‌ಫೆಟ್ಟಿನಲ್ಲಿ ಗೇಟಿಗೂ ಒಳಗಿನ ಸಿಲಿಕಾನಿಗೂ ನಡುವೆ ಅವಾಹಕವಾದ ಆಕ್ಸೈಡ್ ಪದರವಿರುವುದರಿಂದ, ಗೇಟಿನ ಮೇಲೆ ತಕ್ಕಷ್ಟು ವೋಲ್ಟೇಜನ್ನು ಒಮ್ಮೆ ನಿಲ್ಲಿಸಿದರಾಯಿತು. ಮುಂದೆ ಪ್ರವಾಹದ ಆಹಾರ ಬೇಕಿಲ್ಲ. ಸದಾ ತಾನಾಗಿ ಮುಚ್ಚಿಕೊಳ್ಳಲೆಳಸುವ ಬಾಗಿಲನ್ನು ಕೈಯಿಂದ ಒತ್ತಿ ಹಿಡಿದಿರುವುದಕ್ಕೂ, ಕೆರೆಯ ತೂಬನ್ನು ಒಮ್ಮೆ ಮೇಲೆತ್ತಿ ನಿಲ್ಲಿಸಿ ದೂರ ಸರಿಯುವುದಕ್ಕೂ ಎಷ್ಟು ಅಂತರವಿದೆಯೋ, ಇವೆರಡಕ್ಕೂ ಅಷ್ಟು ಅಂತರವಿದೆ. ಎರಡನೆಯ ಭೇದ, ಪೂರ್ತಿ ತೆರೆದಾಗಿನ ನಷ್ಟಕ್ಕೆ ಸಂಬಂಧಿಸಿದುದು. ತೆರೆದ ಬೈಪೋಲಾರ್ ತನ್ನ ಎರಡು ತುದಿಗಳ ನಡುವೆ ಒಂದಿಷ್ಟು ವೋಲ್ಟೇಜನ್ನು ಉಳಿಸಿಕೊಳ್ಳುತ್ತದೆ. ತೆರೆದ ಮಾಸ್‌ಫೆಟ್ ಕೇವಲ ಒಂದು ಚಿಕ್ಕ ರೋಧದಂತೆ ವರ್ತಿಸುತ್ತದೆ.

ಈ ಭೇದದ ಬೆಲೆಯನ್ನು ಅಂಕಿಗಳೇ ಹೇಳಲಿ. ನಾಲ್ಕು ಆಂಪಿಯರ್ ಪ್ರವಾಹವನ್ನು ಪೂರ್ತಿಯಾಗಿ ಬಿಡಲು 2ಎನ್3055ರ ಬೇಸಿಗೆ 0.4 ಆಂಪಿಯರ್ ಕೊಟ್ಟಾಗ, ಅದರಲ್ಲಿ ಉಳಿಯುವ ವೋಲ್ಟೇಜು 1.1ರವರೆಗೆ ಇರಬಹುದೆಂದು ಡೇಟಾಶೀಟು ಹೇಳುತ್ತದೆ; ಅಂದರೆ ಸುಮಾರು ನಾಲ್ಕೂವರೆ ವ್ಯಾಟ್ ಶಕ್ತಿ ಬರಿಯ ಶಾಖವಾಗಿ ವ್ಯಯವಾಗುವುದು, ಬೇಸನ್ನು ನಡೆಸಲು ತೆತ್ತುದು ಬೇರೆ. ಅದೇ ನಾಲ್ಕು ಆಂಪಿಯರು ಐಆರ್‌ಎಫ್‌ಜೆಡ್44ಎನ್ ಎಂಬ ಸಾಮಾನ್ಯ ಮಾಸ್‌ಫೆಟ್ಟಿನ 17.5 ಮಿಲಿಓಮ್ ರೋಧದಲ್ಲಿ ಹರಿದಾಗ ನಷ್ಟ 0.3 ವ್ಯಾಟಿಗೂ ಕಡಮೆ. ಬಿಸಿಯೇರಿದಾಗ ರೋಧ ಇಮ್ಮಡಿಯಾಗುವುದೆಂದು ಹಿಡಿದರೂ ನಷ್ಟ ಅರ್ಧ ವ್ಯಾಟನ್ನು ಅಷ್ಟಾಗಿ ಮೀರದು. ಟಿಪ್122ರಂತಹ ಡಾರ್ಲಿಂಗ್‌ಟನ್ ಜೋಡಿಯಿದ್ದ ಕಡೆ ಲಾಭ ಇನ್ನೂ ಸ್ಪಷ್ಟ. ಮೂರು ಆಂಪಿಯರಿಗೆ ಎರಡು ವೋಲ್ಟಿನವರೆಗೆ ನುಂಗುವ ಅದು ಆರು ವ್ಯಾಟ್ ಶಾಖವನ್ನು ಉಗುಳಬಲ್ಲುದು. ಮೋಟಾರು, ರಿಲೇ, ದೀಪ, ಹೀಟರು ಮುಂತಾದುವನ್ನು ಹಚ್ಚುವ ಆರಿಸುವ ಕೆಲಸವಷ್ಟೇ ಇರುವ ಕಡೆಗಳಲ್ಲಿ, ಹೊರೆಗೂ ನೆಲಕ್ಕೂ ನಡುವೆ ಇರುವ ಟ್ರಾನ್ಸಿಸ್ಟರನ್ನು ತೆಗೆದು ಎನ್-ಚಾನೆಲ್ ಮಾಸ್‌ಫೆಟ್ಟನ್ನು ಹಾಕುವುದು ನಿಜವಾಗಿಯೂ ಶ್ಲಾಘ್ಯವಾದ ಸುಧಾರಣೆ.

ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಮೇಲೆ ಹೇಳಿದ 17.5 ಮಿಲಿಓಮ್ ಲಭಿಸುವುದು ಗೇಟಿಗೆ ಹತ್ತು ವೋಲ್ಟ್ ದೊರೆತಾಗ. ಆ ಮಾಸ್‌ಫೆಟ್ ಕಣ್ಣು ಬಿಡಲಾರಂಭಿಸುವುದೇ ಎರಡರಿಂದ ನಾಲ್ಕು ವೋಲ್ಟುಗಳ ನಡುವೆ. ಐದು ವೋಲ್ಟಿನ ತರ್ಕಮಂಡಲ ಅದನ್ನು ಅರೆತೆರೆದ ಸ್ಥಿತಿಯಲ್ಲಿ ನಿಲ್ಲಿಸಿದರೆ, ಪೂರ್ಣ ತೆರೆದಾಗಲೂ ಪೂರ್ಣ ಮುಚ್ಚಿದಾಗಲೂ ಹುಟ್ಟದ ಶಾಖ ಆಗ ಹುಟ್ಟುತ್ತದೆ. ಅಂತಹ ಕಡೆ ಐದು ವೋಲ್ಟಿನಲ್ಲಿಯೇ ಪೂರ್ತಿ ತೆರೆಯುವ ಲಾಜಿಕ್ ಲೆವೆಲ್ ಜಾತಿಯನ್ನು, ಉದಾಹರಣೆಗೆ ಐಆರ್‌ಎಲ್‌ಜೆಡ್44ಎನ್ ಅನ್ನು, ಆರಿಸಿಕೊಳ್ಳತಕ್ಕದ್ದು. ಗೇಟಿನಿಂದ ಸೋರ್ಸಿಗೆ ಹತ್ತು ಸಾವಿರದಿಂದ ಒಂದು ಲಕ್ಷ ಓಮಿನವರೆಗಿನ ಒಂದು ರೆಸಿಸ್ಟರನ್ನು ಹಾಕದಿದ್ದರೆ, ನಡೆಸುವ ತಂತಿ ಬಿಟ್ಟುಹೋದಾಗ ಗೇಟಿನಲ್ಲಿ ಉಳಿದ ವಿದ್ಯುದಾವೇಶ ಹೋಗಲು ದಾರಿಯಿಲ್ಲದೆ, ಆರಬೇಕಾದ ಮೋಟಾರು ತಿರುಗುತ್ತಲೇ ಇರುವ ಸಂಭವವುಂಟು. ಬೈಪೋಲಾರಿನ ಬೇಸು ಆಹಾರ ನಿಂತೊಡನೆ ಬಹುಮಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತಿದ್ದುದರಿಂದ ಹಳೆಯ ವಿನ್ಯಾಸದಲ್ಲಿ ಈ ರೆಸಿಸ್ಟರು ಎಷ್ಟೋ ಸಲ ಇರುವುದೇ ಇಲ್ಲ.

ಗೇಟಿಗೆ ಪ್ರವಾಹ ಬೇಡವೆಂಬ ಮಾತೂ ನಿಂತ ಸ್ಥಿತಿಗೆ ಮಾತ್ರ ಅನ್ವಯಿಸುವ ಸತ್ಯ. ಗೇಟು ಸ್ವಭಾವತಃ ಒಂದು ಕೆಪಾಸಿಟರು. ತೆರೆಯುವಾಗ ತುಂಬಬೇಕು, ಮುಚ್ಚುವಾಗ ಬರಿದಾಗಬೇಕು. ಐಆರ್‌ಎಫ್‌ಜೆಡ್44ಎನ್‌ಗೆ ಬೇಕಾದ ಆವೇಶ ಗರಿಷ್ಠ 63 ನ್ಯಾನೊಕೂಲಂಬ್. ಹಿಂದಿನ ಹಂತ 10 ಮಿಲಿಆಂಪಿಯರನ್ನಷ್ಟೇ ಕೊಡಬಲ್ಲುದಾದರೆ ಗೇಟು ತುಂಬಲು ಆರು ಮೈಕ್ರೊಸೆಕೆಂಡಿಗೂ ಮಿಗಿಲಾದ ಕಾಲ ಹಿಡಿಯುವುದು. ಸೆಕೆಂಡಿಗೆ ಐವತ್ತು ಆವರ್ತದ ಇನ್ವರ್ಟರಿನಲ್ಲಿ, ಅರ್ಧಾವರ್ತಕ್ಕೆ ಹತ್ತು ಮಿಲಿಸೆಕೆಂಡ್ ಅವಕಾಶವಿರುವುದರಿಂದ, ಇದು ಗಣನೆಗೆ ಬಾರದು. ಸೆಕೆಂಡಿಗೆ ಐವತ್ತು ಸಾವಿರ ಆವರ್ತದ ಸ್ವಿಚಿಂಗ್ ಸಪ್ಲೈಯಲ್ಲಿ ಇಡೀ ಆವರ್ತದ ಕಾಲವೇ ಇಪ್ಪತ್ತು ಮೈಕ್ರೊಸೆಕೆಂಡಾದುದರಿಂದ, ಸಾಧನ ತನ್ನ ಆಯುಷ್ಯದ ಬಹುಭಾಗವನ್ನು ಅರೆತೆರೆದ ಸ್ಥಿತಿಯಲ್ಲಿಯೇ ಕಳೆದು ಬೆಂದುಹೋಗುವುದು. ಆಗ ಅರ್ಧ ಆಂಪಿಯರಿಗೂ ಮಿಕ್ಕ ಪ್ರವಾಹವನ್ನು ಕ್ಷಣಮಾತ್ರ ಒದಗಿಸಬಲ್ಲ ಗೇಟ್ ಡ್ರೈವರನ್ನು ನಡುವೆ ಇಡುವುದು ಅನಿವಾರ್ಯ.

ಈಗ ಇನ್ನೊಂದು ಬಗೆಯ ಕೆಲಸಕ್ಕೆ ಬರೋಣ; ಬಹುಜನರು ಎಡವುವುದು ಇಲ್ಲಿ. ಮೇಜಿನ ಮೇಲಿನ ಹಳೆಯ ಪವರ್ ಸಪ್ಲೈಗಳಲ್ಲಿ 2ಎನ್3055 ಸ್ವಿಚ್ಚಿನಂತೆ ವರ್ತಿಸುವುದಿಲ್ಲ. ಸದಾ ಅರೆತೆರೆದು, ಒಳಬರುವ ವೋಲ್ಟೇಜಿನಲ್ಲಿ ಹೆಚ್ಚಾದುದನ್ನು ತನ್ನ ಮೇಲೆ ಹೊತ್ತುಕೊಂಡು, ಹೊರಕ್ಕೆ ಸ್ಥಿರವಾದುದನ್ನು ಕೊಡುತ್ತದೆ. ಇಪ್ಪತ್ತು ವೋಲ್ಟ್ ಒಳಬಂದು, ಐದು ವೋಲ್ಟ್ ಮೂರು ಆಂಪಿಯರು ಹೊರಹೋಗುತ್ತಿದ್ದರೆ, ನಡುವಣ ಹದಿನೈದು ವೋಲ್ಟು ಮೂರು ಆಂಪಿಯರಿನೊಡನೆ ಗುಣಿತವಾಗಿ 45 ವ್ಯಾಟ್ ಶಾಖವಾಗಲೇಬೇಕು. ಅಲ್ಲಿ ಕುಳಿತಿರುವ ಸಾಧನ ಯಾವುದೇ ಆಗಲಿ, ಈ ಲೆಕ್ಕ ಕೂದಲೆಳೆಯಷ್ಟೂ ಬದಲಾಗದು. ಮಾಸ್‌ಫೆಟ್ಟಿನ ಮಿಲಿಓಮ್ ಮಹಿಮೆ ಇಲ್ಲಿ ಸಂಪೂರ್ಣ ನಿಷ್ಪ್ರಯೋಜಕ. ಅಷ್ಟೇ ಅಲ್ಲ, ಹೊಸ ತೊಡಕೊಂದು ಎದುರಾಗುವುದು. ಹನ್ನೆರಡು ವೋಲ್ಟ್ ಹೊರಬರಬೇಕಾದ ಸಪ್ಲೈಯಲ್ಲಿ ಬೈಪೋಲಾರಿನ ಬೇಸು, ಎಮಿಟರಿಗಿಂತ ಒಂದು ಒಂದೂವರೆ ವೋಲ್ಟ್ ಮೇಲಿದ್ದರೆ ಸಾಕಿತ್ತು. ಮಾಸ್‌ಫೆಟ್ಟಿನ ಗೇಟಾದರೋ ಸೋರ್ಸಿಗಿಂತ ನಾಲ್ಕೈದು ವೋಲ್ಟ್ ಮೇಲಿರಬೇಕಾಗಬಹುದು, ಅಂದರೆ ಹದಿನೇಳು. ಪೂರ್ಣ ಹೊರೆಯಲ್ಲಿ ಒಳಗಿನ ಸರಬರಾಜೇ ಹದಿನಾರಕ್ಕೆ ಕುಸಿಯುವ ಯಂತ್ರದಲ್ಲಿ ಆ ಹದಿನೇಳು ಎಲ್ಲಿಂದ ಬರಬೇಕು? ಗೇಟಿಗಾಗಿಯೇ ಪ್ರತ್ಯೇಕವಾದ ಮೇಲ್ಮಟ್ಟದ ಸರಬರಾಜನ್ನು ಏರ್ಪಡಿಸದೆ ಗತ್ಯಂತರವಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದುದು ಉಷ್ಣದ ವಿಚಾರ. ಬೈಪೋಲಾರ್ ಬಿಸಿಯಾದಷ್ಟೂ ಹೆಚ್ಚು ಪ್ರವಾಹವನ್ನು ಸೆಳೆದು, ಮತ್ತಷ್ಟು ಬಿಸಿಯಾಗಿ, ಕೊನೆಗೆ ತನ್ನನ್ನು ತಾನೇ ದಹಿಸಿಕೊಳ್ಳಬಹುದೆಂಬುದು ಬಲ್ಲವರೆಲ್ಲರೂ ಬಲ್ಲ ಮಾತು. ಮಾಸ್‌ಫೆಟ್ಟಿನಲ್ಲಿ ಬಿಸಿಯೊಡನೆ ರೋಧ ಹೆಚ್ಚುವುದರಿಂದ ಅದಕ್ಕೆ ಆ ಭಯವಿಲ್ಲವೆಂದು ಸಾಮಾನ್ಯವಾಗಿ ಹೇಳುವರು. ಪೂರ್ತಿ ತೆರೆದು ಸ್ವಿಚ್ಚಾಗಿ ದುಡಿಯುವಾಗ ಇದು ನಿಜ. ಅದರಿಂದಲೇ ನಾಲ್ಕಾರು ಮಾಸ್‌ಫೆಟ್ಟುಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಅವು ಹೊರೆಯನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ಆದರೆ ಅರೆತೆರೆದ ಸ್ಥಿತಿಯಲ್ಲಿ, ಪ್ರವಾಹ ಸಾಧನದ ಸಾಮರ್ಥ್ಯದ ಸಣ್ಣ ಭಾಗವಾಗಿರುವಾಗ, ಬಿಸಿಯಾದಂತೆಲ್ಲ ತೆರೆಯಲು ಬೇಕಾದ ಗೇಟ್ ವೋಲ್ಟೇಜು ಇಳಿಯುವುದರಿಂದ, ಚಿಪ್ಪಿನಲ್ಲಿ ಹೆಚ್ಚು ಬಿಸಿಯಾದ ಭಾಗವೇ ಇನ್ನೂ ಹೆಚ್ಚು ಪ್ರವಾಹವನ್ನು ತನ್ನೆಡೆಗೆ ಎಳೆದುಕೊಂಡು ಅಲ್ಲಿಯೇ ರಂಧ್ರ ಬೀಳಬಹುದು. ಸ್ವಿಚಿಂಗಿಗಾಗಿಯೇ ಹದಗೊಳಿಸಿದ ಈಚಿನ ಮಾಸ್‌ಫೆಟ್ಟುಗಳಲ್ಲಿ ಈ ದೌರ್ಬಲ್ಯ ಅಧಿಕ. ಡೇಟಾಶೀಟಿನ ಮೊದಲ ಪುಟದ ದೊಡ್ಡ ಅಂಕಿಗಳನ್ನು ನಂಬದೆ, ಸುರಕ್ಷಿತ ಕಾರ್ಯವಲಯದ ನಕ್ಷೆಯಲ್ಲಿ ನಿರಂತರ ಪ್ರವಾಹದ ಗೆರೆಯನ್ನು ಹುಡುಕಿ ನೋಡತಕ್ಕದ್ದು. ಆ ಗೆರೆಯೇ ಇಲ್ಲದಿದ್ದರೆ ಅಂತಹ ಮಾಸ್‌ಫೆಟ್ಟನ್ನು ಈ ಕೆಲಸಕ್ಕೆ ತೊಡಗಿಸದಿರುವುದೇ ಕ್ಷೇಮ. ಇಂತಹ ಸಪ್ಲೈಗೆ ಒಳ್ಳೆಯ ತಯಾರಕರ 2ಎನ್3055 ಇನ್ನೊಂದನ್ನೇ ತಂದು ಹಾಕುವುದು ನಿಜವಾದ ವಿವೇಕ.

ಆಂಪ್ಲಿಫೈಯರುಗಳಲ್ಲಿಯೂ ಇದೇ ಉಷ್ಣಧರ್ಮ ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುವುದು. ಹಳೆಯ ವಿನ್ಯಾಸದಲ್ಲಿ ಹೀಟ್ ಸಿಂಕಿಗೆ ಅಂಟಿಕೊಂಡ ಚಿಕ್ಕ ಟ್ರಾನ್ಸಿಸ್ಟರೊಂದು, ಪ್ರತಿ ಡಿಗ್ರಿಗೆ ಸಂಧಿಯೊಂದಕ್ಕೆ ಸುಮಾರು ಎರಡು ಮಿಲಿವೋಲ್ಟಿನಂತೆ ಬಯಾಸನ್ನು ತಗ್ಗಿಸುತ್ತ, ದೊಡ್ಡ ಟ್ರಾನ್ಸಿಸ್ಟರುಗಳು ಹದ ಮೀರದಂತೆ ಕಾಯುತ್ತದೆ. ಅದು ಒದಗಿಸುವುದು ಹೆಚ್ಚೆಂದರೆ ಎರಡು ಮೂರು ವೋಲ್ಟ್. ಮಾಸ್‌ಫೆಟ್ ಜೋಡಿಗೆ ಬೇಕಾಗುವುದು ಏಳೆಂಟು. ಬಯಾಸಿನ ಪ್ರಮಾಣವೂ ಅದರ ತಾಪಾನುಸರಣೆಯೂ ಎರಡೂ ಹೊಸದಾಗಿ ರಚಿತವಾಗಬೇಕು. ಜಪಾನಿನ ಹಿಟಾಚಿ ಸಂಸ್ಥೆ 1970ರ ದಶಕದ ಉತ್ತರಾರ್ಧದಲ್ಲಿ ಧ್ವನಿಕಾರ್ಯಕ್ಕೆಂದೇ ಹೊರತಂದ ಲ್ಯಾಟರಲ್ ಮಾಸ್‌ಫೆಟ್ಟುಗಳಲ್ಲಿ ನೂರು ಮಿಲಿಆಂಪಿಯರಿನ ಆಸುಪಾಸಿನಲ್ಲಿಯೇ ಉಷ್ಣದ ಪ್ರಭಾವ ಶೂನ್ಯವಾಗುವಂತಿದ್ದುದರಿಂದ ಅವು ತಾವೇ ಹದದಲ್ಲಿ ನಿಲ್ಲುತ್ತಿದ್ದವು. ಸ್ವಿಚಿಂಗಿನ ಸಾಮಾನ್ಯ ಮಾಸ್‌ಫೆಟ್ಟುಗಳಿಂದ ಆ ಸೌಜನ್ಯವನ್ನು ನಿರೀಕ್ಷಿಸಲಾಗದು.

ಟ್ರಾನ್ಸ್‌ಫಾರ್ಮರಿನ ಹಿಮ್ಮಾಹಿತಿ ಸುರುಳಿಯಿಂದ ತಾವೇ ಆಂದೋಲಿಸುವ ಹಳೆಯ ಇನ್ವರ್ಟರುಗಳಲ್ಲಿ, ಬೇಸಿಗೆ ತಕ್ಕಂತೆ ಸುತ್ತಿದ ಆ ಸುರುಳಿ ಕೊಡುವ ಮೂರ್ನಾಲ್ಕು ವೋಲ್ಟು ಗೇಟಿಗೆ ಸಾಲದು. ಸುತ್ತುಗಳನ್ನು ಹೆಚ್ಚಿಸಿದರೆ ಅದರ ತೀಕ್ಷ್ಣ ಶಿಖರಗಳು ಗೇಟಿನ ಇಪ್ಪತ್ತು ವೋಲ್ಟಿನ ಮಿತಿಯನ್ನು ಮೀರಿ ಆಕ್ಸೈಡ್ ಪದರವನ್ನು ಭೇದಿಸಬಹುದು. ಹದಿನೈದು ವೋಲ್ಟಿನ ಜೀನರ್ ಡಯೋಡನ್ನು ಗೇಟಿಗೂ ಸೋರ್ಸಿಗೂ ನಡುವೆ ಕಾವಲಿಡುವುದು, ಅಥವಾ ಪ್ರತ್ಯೇಕ ಆಂದೋಲಕದಿಂದ ಗೇಟನ್ನು ನಡೆಸುವುದು ಇದಕ್ಕೆ ಪರಿಹಾರ. ಮಾಸ್‌ಫೆಟ್ಟಿನ ಒಳಗೇ ಡ್ರೇನಿಗೂ ಸೋರ್ಸಿಗೂ ನಡುವೆ ಹಿಮ್ಮುಖವಾಗಿ ಒಂದು ಡಯೋಡ್ ಅಡಗಿರುವುದನ್ನೂ ಮರೆಯಬಾರದು. ಇನ್ವರ್ಟರಿನಲ್ಲಿ ಅದು ಉಪಕಾರಿ, ಬ್ಯಾಟರಿ ಚಾರ್ಜರಿನಲ್ಲಿ ಅದೇ ಬ್ಯಾಟರಿಯಿಂದ ಹಿಂದಕ್ಕೆ ಪ್ರವಾಹ ಸೋರುವ ಹಾದಿ.

ಅತಿ ಹೆಚ್ಚಿನ ವೋಲ್ಟೇಜಿನ ಕ್ಷೇತ್ರದಲ್ಲಂತೂ ಬೈಪೋಲಾರಿನ ಪ್ರಭುತ್ವ ಬಹುಕಾಲ ಅಬಾಧಿತವಾಗಿತ್ತು. ಹಳೆಯ ಪಿಕ್ಚರ್ ಟ್ಯೂಬ್ ದೂರದರ್ಶನಗಳಲ್ಲಿ 1500 ವೋಲ್ಟನ್ನು ತಾಳುತ್ತಿದ್ದ ಬಿಯು208ರ ಸ್ಥಾನಕ್ಕೆ ಮಾಸ್‌ಫೆಟ್ ಬರಲಾರದೆ ಹೋದುದಕ್ಕೆ ಕಾರಣವುಂಟು. ಸಾಂಪ್ರದಾಯಿಕ ರಚನೆಯ ಮಾಸ್‌ಫೆಟ್ಟು ತಾಳಬೇಕಾದ ವೋಲ್ಟೇಜು ಇಮ್ಮಡಿಯಾದರೆ, ಅದೇ ಗಾತ್ರದ ಚಿಪ್ಪಿನ ರೋಧ ಐದಾರು ಮಡಿಯಾಗುವುದು. ಈ ಕಷ್ಟವನ್ನು ಬಿಡಿಸಿದವರು ಬೆಂಗಳೂರಿನಲ್ಲಿ ಬೆಳೆದು ಅಮೆರಿಕಕ್ಕೆ ತೆರಳಿದ ಬಂಟ್ವಾಳ ಜಯಂತ ಬಾಳಿಗರು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗ 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಐಜಿಬಿಟಿ, ಗೇಟಿನ ಸುಲಭ ನಿಯಂತ್ರಣವನ್ನೂ ಬೈಪೋಲಾರಿನ ಪ್ರವಾಹಸಾಮರ್ಥ್ಯವನ್ನೂ ಒಂದೇ ಚಿಪ್ಪಿನಲ್ಲಿ ಸಂಗಮಗೊಳಿಸಿತು. ಕನ್ನಡನಾಡಿನೊಡನೆ ಬಾಲ್ಯದ ನಂಟುಳ್ಳ ಒಬ್ಬರಿಂದ ಲೋಕಕ್ಕೆ ಸಂದ ಈ ಉಪಕಾರವನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಕೈಗೆಲಸದಲ್ಲಿ ಕೆಲವು ನಿಯಮಗಳನ್ನು ಬಿಡಬಾರದು. ಟಿಪ್ ವರ್ಗದ ಟ್ರಾನ್ಸಿಸ್ಟರಿನ ಬೇಸ್, ಕಲೆಕ್ಟರ್, ಎಮಿಟರ್ ಕಾಲುಗಳ ಕ್ರಮವೂ ಅದೇ ಆಕಾರದ ಮಾಸ್‌ಫೆಟ್ಟಿನ ಗೇಟ್, ಡ್ರೇನ್, ಸೋರ್ಸ್ ಕ್ರಮವೂ ಹೊಂದಿಕೊಳ್ಳುವುದರಿಂದ ಬೋರ್ಡಿನಲ್ಲಿ ಅದು ಸಲೀಸಾಗಿ ಕೂರುತ್ತದೆ. ಕೂತಿತೆಂಬುದು ಒಪ್ಪಿತೆಂಬುದಕ್ಕೆ ಪ್ರಮಾಣವಲ್ಲ. ಗೇಟಿನ ಬಳಿಯಲ್ಲಿಯೇ ಹತ್ತರಿಂದ ನೂರು ಓಮಿನ ರೆಸಿಸ್ಟರನ್ನು ಸರಣಿಯಲ್ಲಿಟ್ಟರೆ ಅನುದ್ದಿಷ್ಟ ಆಂದೋಲನ ಅಡಗುವುದು. ಮೈಯ ಸ್ಥಾಯೀ ವಿದ್ಯುತ್ತು ಗೇಟನ್ನು ಕೊಲ್ಲಬಲ್ಲುದಾದುದರಿಂದ ಭೂಸಂಪರ್ಕವುಳ್ಳ ಸೋಲ್ಡರಿಂಗ್ ಐರನ್ನನ್ನೇ ಬಳಸಬೇಕು. ಮೈಕಾ ವಾಷರನ್ನು ಹಿಂದಿನಂತೆಯೇ ಕೂಡಿಸಿ, ಪ್ರವಾಹಕ್ಕೆ ಮಿತಿಯುಳ್ಳ ಸಪ್ಲೈಯಿಂದ ಮೊದಲ ಪರೀಕ್ಷೆಯನ್ನು ನಡೆಸಬೇಕು.

ಇಷ್ಟೆಲ್ಲವನ್ನೂ ಕ್ರೋಡೀಕರಿಸಿದರೆ ಉಳಿಯುವುದು ಮೂರು ಪ್ರಶ್ನೆಗಳು: ಈ ಟ್ರಾನ್ಸಿಸ್ಟರು ಇಲ್ಲಿ ಸ್ವಿಚ್ಚಾಗಿ ದುಡಿಯುತ್ತಿದೆಯೋ ಅರೆತೆರೆದು ಶಾಖವನ್ನು ಹೊರುತ್ತಿದೆಯೋ, ಇದನ್ನು ನಡೆಸುತ್ತಿರುವ ಹಿಂದಿನ ಹಂತ, ಗೇಟು ಕೇಳುವ ವೋಲ್ಟೇಜನ್ನೂ ವೇಗವನ್ನೂ ಕೊಡಬಲ್ಲುದೋ, ಇದರ ಸುತ್ತಣ ಭಾಗಗಳು ಬೈಪೋಲಾರಿನ ಯಾವ ಗುಣವನ್ನು ನಂಬಿ ನಿಂತಿವೆ. ಪೂರ್ವಿಕ ವಿನ್ಯಾಸಕಾರನು ಒಂದೊಂದು ರೆಸಿಸ್ಟರನ್ನೂ ಸಕಾರಣವಾಗಿ ಇಟ್ಟಿದ್ದಾನೆ. ಆ ಕಾರಣವನ್ನು ಓದಿ ತಿಳಿಯುವ ತಾಳ್ಮೆಯುಳ್ಳವನಿಗೆ ಹಳೆಯ ಯಂತ್ರ ಮತ್ತೆ ಅನೇಕ ವರ್ಷ ನಿಷ್ಠೆಯಿಂದ ದುಡಿಯುವುದು, ಮತ್ತು ಯಾವ ಕಡೆ ಬದಲಿಸದಿರುವುದೇ ಸರಿಯಾದ ರಿಪೇರಿ ಎಂಬ ನಿಶ್ಚಯವೂ ಅದೇ ಓದಿನಿಂದ ಅವನಿಗೆ ದೊರೆಯುವುದು.