ಮೂಕಪ್ರಾಣಿಯ ಕೊನೆಯ ದಿನಗಳು
(ಜನವರಿ 17: ಮಠಾಧಿಪತಿ ಸಂತ ಅಂತೋಣಿಯವರ ಹಬ್ಬ)



ಸಂಕ್ರಾಂತಿಯ ಸಂಜೆ ಕಿಕ್ಕೇರಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವುದನ್ನು ನಾವೆಲ್ಲ ನೋಡಿದ್ದೇವೆ. ಕಿಚ್ಚು ಹಾಯಲಾರದ ಮುದಿ ಎತ್ತು ಮಾತ್ರ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಹತ್ತು ಹನ್ನೆರಡು ವರ್ಷ ಮನೆ ಕಾಯ್ದ ನಾಯಿ ಕಣ್ಣಿಗೆ ಪೊರೆ ಬಂದು ಜಗಲಿಯ ಮೂಲೆ ಹಿಡಿದಿರುತ್ತದೆ. ಇವುಗಳ ಬಗ್ಗೆ ನಮ್ಮ ಕರ್ತವ್ಯವೇನು?

ಸಂಕ್ರಾಂತಿ ಕಳೆದ ಎರಡು ಮೂರು ದಿನಕ್ಕೇ ಸಾಕುಪ್ರಾಣಿಗಳ ಪಾಲಕರಾದ ಸಂತ ಅಂತೋಣಿಯವರ ಹಬ್ಬ ಬರುತ್ತದೆ. ಡೋರ್ನಹಳ್ಳಿಯಲ್ಲಿ ನಾವು ಹರಕೆ ಹೊರುವ ಪಾದುವಾದ ಸಂತ ಅಂತೋಣಿಯವರು ಇವರಲ್ಲ. ಇವರು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿ ಕ್ರಿ.ಶ. 356ರಲ್ಲಿ ನಿಧನರಾದವರು. ರೋಮ್ ನಗರದಲ್ಲಿ ಈ ಹಬ್ಬಕ್ಕೆ ಜನರು ತಮ್ಮ ಪ್ರಾಣಿಗಳನ್ನು ತಂದು ಆಶೀರ್ವಾದ ಪಡೆಯುತ್ತಾರೆ.

ಪ್ರಾಣಿಗಳಿಗೆ ದಯೆ ತೋರುವುದು ನಾವು ತೀರಿಸಬೇಕಾದ ಋಣ, ಅವುಗಳನ್ನು ಅನಗತ್ಯವಾಗಿ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದು 1992ರ ಕಥೋಲಿಕ ಧರ್ಮೋಪದೇಶ ಬೋಧಿಸುತ್ತದೆ. ಪ್ರಾಣಿಯನ್ನು ಪ್ರೀತಿಸಬಹುದು, ಆದರೆ ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಪ್ರೀತಿಯನ್ನು ಅದಕ್ಕೆ ಕೊಡಬಾರದು ಎಂದೂ ಎಚ್ಚರಿಸುತ್ತದೆ.

ಮುದಿ ನಾಯಿಯನ್ನು ಗೋಣಿಚೀಲದಲ್ಲಿ ಕಟ್ಟಿ ದೂರದ ಕೆರೆ ಏರಿಯ ಮೇಲೆ ಬಿಟ್ಟು ಬರುವವರುಂಟು. ‘ನಮ್ಮ ಕಣ್ಣೆದುರಿಗೆ ಸಾಯದಿದ್ದರೆ ಸಾಕು’ ಎನ್ನುತ್ತಾರೆ. ಇದು ದಯೆಯಲ್ಲ, ನಮ್ಮ ದುಃಖದಿಂದ ನಾವು ತಪ್ಪಿಸಿಕೊಳ್ಳುವ ದಾರಿ. ಕಣ್ಣು ಕಾಣದ ನಾಯಿ ವಾಸನೆಯಿಂದಲೇ ತನ್ನ ಮನೆಯನ್ನೂ ಮನೆಯವರನ್ನೂ ಗುರುತಿಸುತ್ತದೆ. ಅದನ್ನು ನರಳಲು ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧ.

ಹಾಗಾದರೆ ಮಾಡಬೇಕಾದದ್ದೇನು? ಬೆಚ್ಚಗಿನ ಜಾಗ, ಮೆತ್ತಗಿನ ಅನ್ನ, ಕೈಗೆಟುಕುವಲ್ಲಿ ನೀರು, ಮೈದಡವುವ ಒಂದು ಕೈ. ದನದ ಆಸ್ಪತ್ರೆಯ ವೈದ್ಯರಿಗೆ ತೋರಿಸಿರಿ. ನೋವು ತಗ್ಗಿಸುವ ಔಷಧಿಗಳಿವೆ. ಗುಣವಾಗದ ಸಂಕಟವಿದ್ದು, ಚುಚ್ಚುಮದ್ದಿನಿಂದ ನಾಯಿಯ ಪ್ರಾಣ ಬಿಡಿಸುವುದೇ ಮೇಲೆಂದು ವೈದ್ಯರು ಹೇಳಿದರೆ, ಒಪ್ಪುವುದು ಪಾಪವಲ್ಲ. ಮನುಷ್ಯನ ಜೀವಕ್ಕೆ ಈ ಮಾತು ಎಂದಿಗೂ ಅನ್ವಯಿಸದು. ಆ ಗಳಿಗೆಯಲ್ಲಿ ಮನೆಯವರೊಬ್ಬರು ಅದರ ಹತ್ತಿರವಿರಲಿ. ಬಳಿಕ ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ಹೂಳಿರಿ.

ಮಕ್ಕಳಿಗೆ ‘ಎಲ್ಲೋ ಓಡಿಹೋಯಿತು’ ಎಂದು ಸುಳ್ಳು ಹೇಳಬೇಡಿ. ‘ನಮ್ಮ ನಾಯಿ ಸ್ವರ್ಗಕ್ಕೆ ಹೋಯಿತಾ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಮನುಷ್ಯನ ಆತ್ಮ ಅಮರವೆಂಬುದು ನಮ್ಮ ವಿಶ್ವಾಸ. ಪ್ರಾಣಿಗಳ ಬಗ್ಗೆ ಧರ್ಮಸಭೆ ಹಾಗೆ ಬೋಧಿಸಿಲ್ಲ. ಆದರೆ ಇಡೀ ಸೃಷ್ಟಿಯೇ ಬಿಡುಗಡೆಗಾಗಿ ಕಾದಿದೆ ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಹೇಳುತ್ತಾರೆ. ನಿತ್ಯಜೀವದಲ್ಲಿ ಸಕಲ ಸೃಷ್ಟಿಗೂ ಸ್ಥಾನವಿದೆಯೆಂಬ ಭರವಸೆಯನ್ನು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಕೊಟ್ಟಿದ್ದಾರೆ. ‘ಅದನ್ನು ಉಂಟುಮಾಡಿದ ದೇವರು ಅದನ್ನು ಮರೆಯುವುದಿಲ್ಲ ಮಗು’ ಎಂದರೆ ಸಾಕು.

ಪ್ರಿಯರೇ, ಕೈಲಾಗದ ಪ್ರಾಣಿಯನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆಂದು ಮನೆಯ ಮಕ್ಕಳು ನೋಡುತ್ತಿರುತ್ತಾರೆ. ನಾಳೆ ಜಗಲಿಯ ಮೂಲೆ ಹಿಡಿಯುವವರು ನಾವೇ. ಕೊನೆಯವರೆಗೂ ಕೈಬಿಡದ ಮನಸ್ಸನ್ನು ಪ್ರಭು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೆನ್.